ಮೂಲೆಮನೆಯ ಸರದಿ

ಲೈಟು ಇರಲಿ ಬಿಡಿ, ಆರಿಸಬೇಡಿ. ಇದನ್ನ ನಾನು ಕತ್ತಲಲ್ಲಿ ಕೂತು ಹೇಳೋಳಲ್ಲ.

ಯಾರೋ ಯಾರಿಗೋ ಹೇಳಿ ಬಾಯಿಂದ ಬಾಯಿಗೆ ಬಂದದ್ದಲ್ಲ ಇದು. ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಕ್ಕ. ಮಾತು ಕಮ್ಮಿ, ಅದರಲ್ಲಿ ಸುಳ್ಳು ಇನ್ನೂ ಕಮ್ಮಿ.

ಆವತ್ತು ರಾತ್ರಿ ಕೆಲಸ ಮುಗಿಸಿ ಅವಳು ಮನೆಗೆ ಹೊರಟಾಗ ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಕೆಲಸ ಅಂದರೆ ಒಂದು ಕಾಫಿ ಹೋಟೆಲಿನಲ್ಲಿ ನೆಲ ಒರೆಸೋದು, ಪಾತ್ರೆ ತೊಳೆಯೋದು. ಅಡುಗೆಮನೆ ಹಿಂದುಗಡೆ. ಬೀದಿಗೆ ಬರಬೇಕಾದರೆ ಮೇಜು ಕುರ್ಚಿ ಹಾಕಿದ ಅಂಗಳ ದಾಟಬೇಕು. ಅಂಗಳದ ನಟ್ಟನಡುವೆ ಒಂದು ಹಳೇ ಬಾವಿ.

ಬಾವಿ ಅಂದರೆ ನೀವು ಅಂದುಕೊಂಡ ಹಾಗಲ್ಲ. ಕಟ್ಟೆ ಒಡೆದು ನೆಲದ ಮಟ್ಟಕ್ಕೆ ಇಳಿಸಿ, ಮೇಲೆ ದಪ್ಪ ಗಾಜು ಮುಚ್ಚಿದ್ದರು. ಒಳಗೆ ಇಟ್ಟಿಗೆ ಚೂರು, ಮಣ್ಣು ತುಂಬಿ, ಅದರ ಮೇಲೆ ಬಿಳಿ ಕಲ್ಲು ಹರಡಿ, ಸುತ್ತ ನೀಲಿ ದೀಪ ಹಾಕಿದ್ದರು. ಒಬ್ಬ ಆಳು ಇಳಿದು ನಿಂತರೆ ತಲೆ ಗಾಜಿಗೆ ತಾಗಬೇಕು, ಅಷ್ಟೇ ಈಗಿನ ಆಳ. ಮೇಲೆ ಅಂದಕ್ಕೆ ಅಂತ ಎರಡು ಕಂಬ, ಒಂದು ರಾಟೆ, ಹೊಸ ನಾರಿನ ಹಗ್ಗ, ತಳತಳ ಹೊಳೆಯೋ ತಾಮ್ರದ ಕೊಡ. ಬಂದವರೆಲ್ಲ ಗಾಜಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳೋರು.

ದಿನಾ ಹೊರಡೋ ಮುಂಚೆ ಆ ಗಾಜು ಒರೆಸೋದು ಅಕ್ಕನ ಕೊನೇ ಕೆಲಸ. ಆವತ್ತೂ ಒರೆಸಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ದಾಟುತ್ತಿದ್ದಳು. ನೋಡುತ್ತಾಳೆ... ಗಾಜಿನ ಮೇಲೆ ಒಂದು ಮಬ್ಬು. ಬಟ್ಟಲಿನಗಲ.

ಎಲ್ಲೋ ಬಿಟ್ಟುಹೋಯಿತೇನೋ ಅಂತ ಕುಕ್ಕರುಗಾಲಲ್ಲಿ ಕೂತು ಸೆರಗಿನಿಂದ ಉಜ್ಜಿದಳು. ಹೋಗಲಿಲ್ಲ. ಉಗುರಿನಿಂದ ಕೆರೆದಳು. ಹೋಗಲಿಲ್ಲ. ಆಮೇಲೆ ಗೊತ್ತಾಯಿತು. ಮಬ್ಬು ಗಾಜಿನ ಮೇಲಿಲ್ಲ. ಕೆಳಗಿದೆ.

ನೋಡುತ್ತಾ ಇದ್ದ ಹಾಗೇ ಅದು ಸಣ್ಣದಾಯಿತು. ಅಂಚಿನಿಂದ ಒಳಕ್ಕೆ ಸರಿದು, ಗುಂಡಿಯಷ್ಟಾಗಿ, ಮಾಯವಾಯಿತು. ಸ್ವಲ್ಪ ಹೊತ್ತು ಏನಿಲ್ಲ... ಮತ್ತೆ ಬಂತು. ಬಟ್ಟಲಿನಗಲ. ಮತ್ತೆ ಸಣ್ಣದಾಯಿತು.

ಚಳಿಯಲ್ಲಿ ಬಸ್ಸಿನ ಕಿಟಕಿಗೆ ಮುಖ ಒತ್ತಿ ಕೂತರೆ ಹೇಗೆ ಮಬ್ಬು ಕಟ್ಟುತ್ತೆ, ಹಾಗೆ. ಉಸಿರು ಬಿಟ್ಟಾಗ ಬರುತ್ತೆ. ಎಳಕೊಂಡಾಗ ಹೋಗುತ್ತೆ.

ಕೆಳಗೆ ಬಿಳಿ ಕಲ್ಲು. ನೀಲಿ ದೀಪ. ಬೇರೇನೂ ಇಲ್ಲ.

ಅಕ್ಕ ಎದ್ದಳು. ಓಡಲಿಲ್ಲ. ಓಡಿದರೆ ಹಿಂದಿನಿಂದ ಏನೋ ಓಡಿಬರುತ್ತೆ ಅನಿಸಿತಂತೆ. ಗೋಡೆ ಹಿಡಿದುಕೊಂಡು ಹೊರಗೆ ಬಂದು, ಕೊನೇ ಬಸ್ಸು ಹತ್ತಿದ ಮೇಲೇ ಉಸಿರು ಬಿಟ್ಟಳು.

ಒಂದು ವಿಷಯ ಮೊದಲೇ ಹೇಳಬೇಕಿತ್ತು. ಆ ಬಾವಿ ಅಕ್ಕನಿಗೆ ಹೊಸದಲ್ಲ.

ಆ ಹೋಟೆಲ್ ಇರೋ ಜಾಗ ಒಂದು ಕಾಲಕ್ಕೆ ವಠಾರ. ಬಾವಿ ಸುತ್ತ ಸಾಲು ಮನೆ. ಒಂದೊಂದು ಕೋಣೆ, ಒಂದೊಂದು ಸಂಸಾರ. ಎಲ್ಲರೂ ಹೊಟ್ಟೆಪಾಡಿಗೆ ಹೊರಗಿನಿಂದ ಬಂದವರು, ನಮ್ಮ ಮಾತಾಡೋರು. ಆ ಊರಿನ ಭಾಷೆ ಬೇರೆ, ರೀತಿ ಬೇರೆ. ಆದರೆ ವಠಾರದ ಬಾಗಿಲು ದಾಟಿ ಒಳಗೆ ಬಂದರೆ ಕನ್ನಡ. ಜಗಳ ಕೂಡ ಕನ್ನಡದಲ್ಲೇ. ಅಕ್ಕ ಮದುವೆಯಾಗಿ ಬಂದಿಳಿದದ್ದು ಅಲ್ಲಿನ ಮೂಲೆಯ ಮನೆಗೆ. ಭಾವ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸೋ ಕೆಲಸ ಮಾಡುತ್ತಿದ್ದ.

ಬಾವಿಗೆ ಒಬ್ಬಳು ಯಜಮಾನಿ ಇದ್ದಳು. ಸರದಿ ಅಜ್ಜಿ. ಬಾವಿ ಪಕ್ಕದ್ದೇ ಅವಳ ಕೋಣೆ, ಹಿಂದೆ ಮುಂದೆ ಯಾರಿಲ್ಲ. ನಲ್ಲಿಯಲ್ಲಿ ನೀರು ಬರೋದು ಬಿಡೋದು ನಲ್ಲಿಯ ಇಷ್ಟ, ಹಾಗಾಗಿ ಬೆಳಗಾದರೆ ಎಲ್ಲರೂ ಬಾವಿಗೆ. ನುಗ್ಗಾಟ ಆಗದ ಹಾಗೆ ಅಜ್ಜಿ ತನ್ನ ಹೊಸ್ತಿಲ ಮೇಲೆ ಕೂತು ಮನೆ ಹಿಡಿದು ಕರೆಯೋಳು. “ಮಹಡಿಮನೆ, ಮುಗೀತಾ? ದರ್ಜಿಮನೆ, ನೀನು. ಮೂಲೆಮನೆ, ನಿನ್ನ ಸರದಿ ಬಂತು, ಹಗ್ಗ ಬಿಡು.” ಅಕ್ಕ ಬಂದ ಮೊದಲ ದಿನ ನಾಚಿಕೊಂಡು ಒಳಗೇ ಕೂತಿದ್ದಳಂತೆ. ಅಜ್ಜಿ ಬಾಗಿಲಿಗೇ ಬಂದು, “ಊರಿಗೆ ಬಂದವಳು ನೀರಿಗೆ ಬರದೆ ಇರ್ತೀಯೇನೇ? ಏಳು” ಅಂತ ಕೈಗೆ ಕೊಡ ಕೊಟ್ಟಳಂತೆ. ಅವತ್ತಿನಿಂದ ವಠಾರದಲ್ಲಿ ಅಕ್ಕನ ಹೆಸರೇ ಮೂಲೆಮನೆ.

ಆಮೇಲೆ ಆ ಬೀದಿಯ ಕಾಲ ಬದಲಾಯಿತು. ಮೊದಲು ಬದಲಾದದ್ದು ಬೀದಿದೀಪದ ಬಣ್ಣ. ಆಮೇಲೆ ಚಪ್ಪಲಿ ಹೊಲಿಯೋನ ಅಂಗಡಿ ಹೋಗಿ ಹೂಕುಂಡದ ಅಂಗಡಿ ಬಂತು. ಹಿಟ್ಟಿನ ಗಿರಣಿ ಹೋಗಿ ಚಿತ್ರ ತೂಗುಹಾಕೋ ಜಾಗ ಬಂತು, ಒಳಗೆ ಹೋದರೆ ಮಾತಾಡೋಕೂ ಹೆದರಿಕೆ, ಅಷ್ಟು ಬಿಳಿ. ಬಾಡಿಗೆ ಏಣಿ ಹತ್ತಿ ಕೂತಿತು, ಇಳಿಯಲೇ ಇಲ್ಲ. ವಠಾರದ ಮಾಲೀಕ ತೀರಿಕೊಂಡ, ಮಕ್ಕಳು ಮಾರಿದರು. ಕೊಂಡವರು ಬೈಯಲಿಲ್ಲ, ಬಡಿಯಲಿಲ್ಲ. ನಗುನಗುತ್ತಾ ಬಂದು, ನಗುನಗುತ್ತಾ ಹೋಗೋರು. ಪ್ರತಿ ಸಲ ಅವರು ಬಂದುಹೋದ ಮೇಲೆ ಒಂದು ಮನೆ ಖಾಲಿ. ಒಟ್ಟಿಗಿದ್ದವರು ಚೆಲ್ಲಿದ ಸಾಸಿವೆ ಹಾಗೆ ಊರಿನ ಮೂಲೆಮೂಲೆಗೆ ಹೋದರು. ಅಕ್ಕ ಭಾವ ಎರಡು ಬಸ್ಸು ಬದಲಾಯಿಸೋಷ್ಟು ದೂರಕ್ಕೆ. ಕೊನೆಗೆ ಉಳಿದವಳು ಸರದಿ ಅಜ್ಜಿ ಒಬ್ಬಳೇ. ಒಂದು ದಿನ ಅವಳೂ ಅಲ್ಲಿಲ್ಲ ಅಂತ ಸುದ್ದಿ ಬಂತು. ತಂಗಿಯ ಮಗಳು ಕರಕೊಂಡು ಹೋದಳು ಅಂದರು ಕೆಲವರು. ಕೆಲವರು ಏನೂ ಅನ್ನಲಿಲ್ಲ.

ಹೊಸ ಜಾಗದಲ್ಲಿ ಭಾವನಿಗೆ ಗಿರಾಕಿ ಹುಟ್ಟಲಿಲ್ಲ. ಅಕ್ಕ ಕೆಲಸ ಹುಡುಕಿಕೊಂಡು ಹಳೇ ಬೀದಿಗೇ ಬಂದಳು. ಅಷ್ಟು ದೊಡ್ಡ ಊರಲ್ಲಿ ಅವಳಿಗೆ ಗೊತ್ತಿದ್ದದ್ದು ಅದೊಂದೇ ಬೀದಿ. ಹೋಟೆಲಿನ ಮ್ಯಾನೇಜರ್ ಒಬ್ಬಳು ಹುಡುಗಿ, ಒಳ್ಳೆಯವಳು, ಕೆಲಸ ಹೇಳೋ ಮುಂಚೆಯೇ ಥ್ಯಾಂಕ್ಸ್ ಹೇಳೋಳು. “ಈ ಕಡೆ ಪರಿಚಯ ಇದೆಯಾ?” ಅಂತ ಕೇಳಿದಳು. “ಸ್ವಲ್ಪ ಇದೆ” ಅಂದಳು ಅಕ್ಕ. ಅಲ್ಲೇ ಸಂಸಾರ ಮಾಡಿದವಳು ಅಂತ ಬಾಯಿ ಬಿಡಲಿಲ್ಲ. ಈಗ ಅವಳು ಪಾತ್ರೆ ತೊಳೆಯೋದು ತಾನು ಮಲಗುತ್ತಿದ್ದ ಕೋಣೆಯಲ್ಲಿ. ಮಂಚ ಇದ್ದ ಕಡೆ ಫ್ರಿಜ್ಜು. ಕಿಟಕಿ ಮಾತ್ರ ಹಳೇದೇ. ಅದರ ಒಂದು ಸರಳು ಬಾಗಿದೆ. ಭಾವ ಒಂದು ಸಲ ಬೀಗದ ಕೈ ಕಳಕೊಂಡು ಅಲ್ಲಿಂದ ನುಗ್ಗೋಕೆ ಹೋಗಿ, ಹೊಟ್ಟೆ ಸಿಕ್ಕಿಹಾಕಿಕೊಂಡು, ವಠಾರವೇ ಎಳೆದು ಬಿಡಿಸಿದ್ದರ ಗುರುತು. ಹೊಸಬರು ಅದನ್ನೂ ಚೆಂದ ಅಂತ ಹಾಗೇ ಬಿಟ್ಟಿದ್ದರು.

ಇರಲಿ. ಮಬ್ಬಿನ ವಿಷಯ ಭಾವನಿಗೆ ಹೇಳಿದಳು. “ಒಳಗೆ ದೀಪ ಉರಿಯುತ್ತೆ, ಬಿಸಿಗೆ ಹಬೆ ಕಟ್ಟುತ್ತೆ” ಅಂದು ಅವನು ಮಗ್ಗುಲು ಬದಲಾಯಿಸಿದ. ಬೆಳಗ್ಗೆ ಎದ್ದಾಗ ಅವಳಿಗೂ ಸರಿ ಅನಿಸಿತು. ಬೆಳಕು ಹರಿದ ಮೇಲೆ ಯಾವ ದೆವ್ವಕ್ಕೂ ಒಂದು ಕಾರಣ ಸಿಕ್ಕೇ ಸಿಗುತ್ತೆ.

ಮಾರನೇ ರಾತ್ರಿ. ಎಲ್ಲರೂ ಹೋಗಿಯಾಗಿತ್ತು. ಅಕ್ಕ ಬೇಗಬೇಗ ಗಾಜು ಒರೆಸುತ್ತಿದ್ದಳು, ಕಣ್ಣು ಬೇರೆ ಕಡೆ ಇಟ್ಟುಕೊಂಡು.

ಟಿಕ್.

ಉಗುರು ಲೋಟಕ್ಕೆ ತಾಗಿದ ಹಾಗೆ. ಕೈ ನಿಂತಿತು.

ಟಿಕ್... ಟಿಕ್.

ಆಮೇಲೆ ಠಣ್ ಅಂತ ಒಂದು ಸದ್ದು, ಕೊಡ ಕಲ್ಲಿಗೆ ಬಡಿದದ್ದು. ಅದು ಹತ್ತಿರದಿಂದ ಬರಲಿಲ್ಲ. ತುಂಬಾ ಕೆಳಗಿನಿಂದ ಬಂತು. ಅಷ್ಟು ಕೆಳಗೆ ಈಗ ಬಾವಿಯೇ ಇಲ್ಲ.

“ಮೂಲೆಮನೇ...”

ಪಿಸುಮಾತು. ಗಾಜಿಗೆ ಬಾಯಿ ಹಚ್ಚಿ ಮಾತಾಡಿದ ಹಾಗೆ. ನಮ್ಮ ಮಾತಲ್ಲಿ.

“ಮೂಲೆಮನೇ... ನಿನ್ನ ಸರದಿ ಬಂತು. ಹಗ್ಗ ಬಿಡು.”

ಆ ಬೀದಿಯಲ್ಲಿ ಕನ್ನಡ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ಅವಳಿಗೆ ಮೊದಲು ಆದದ್ದು ಹೆದರಿಕೆಯಲ್ಲವಂತೆ, ಸಂತೋಷ. “ಬಂದೆ ಅಜ್ಜಿ” ಅನ್ನೋಕೆ ಬಾಯಿ ತೆರೆದಿದ್ದಳು. ಮಾತು ನಾಲಿಗೆ ತುದಿಗೆ ಬಂದಿತ್ತು...

ಹಿಂದಿನಿಂದ ಯಾರೋ ಹೆಗಲು ಹಿಡಿದರು.

ಕಾವಲುಗಾರ. ರಾತ್ರಿಯಿಡೀ ಅಲ್ಲಿರೋನು ಅವನೊಬ್ಬನೇ. ಅವನೂ ಹೊರಗಿನವನು, ನಮಗಿಂತ ದೂರದ ದೇಶದವನು. ಆರಡಿ ಆಳು, ಮಗುವಿನ ಮುಖ. ಇಬ್ಬರೂ ಆ ಊರ ಭಾಷೆಯನ್ನ ಮುರಿದು ಮುರಿದು ಮಾತಾಡಿಕೊಳ್ಳೋರು. ನಾನು ಒಂದು ಸಲ ಅವಳನ್ನ ನೋಡೋಕೆ ಹೋಗಿ “ಅಕ್ಕಾ” ಅಂತ ಕೂಗಿದ್ದು ಕೇಳಿ, ಅವಳ ಹೆಸರೇ ಅದು ಅಂದುಕೊಂಡಿದ್ದ. ಶ್ರೀಮತಿ ಅಕ್ಕ ಅಂತ ಕರೆಯೋನು.

“ಉತ್ತರ ಕೊಡಬೇಡಿ, ಶ್ರೀಮತಿ ಅಕ್ಕ” ಅಂದ. ಕಿವಿ ಹತ್ತಿರ ಬಗ್ಗಿ.

“ನಿನಗೂ ಕೇಳಿತಾ?”

“ದಿನಾ ಕೇಳುತ್ತೆ.”

“ಅಜ್ಜಿ ದನಿ?”

ಅವನು ಅಲ್ಲ ಅಂತ ತಲೆಯಾಡಿಸಿದ. “ಅಮ್ಮನ ದನಿ. ನನ್ನ ಅಮ್ಮ. ನನ್ನ ಭಾಷೆ. ಚಳಿ ಅಂತಾಳೆ. ಮೇಲೆ ಎತ್ತು ಮಗನೇ ಅಂತಾಳೆ.”

“ಈಗಲೂ ಅದೇ ಕೇಳಿತಾ? ಈಗ ತಾನೇ?”

“ಈಗ ತಾನೇ.”

ಒಂದೇ ಹೊತ್ತು, ಒಂದೇ ದನಿ. ಇಬ್ಬರ ಕಿವಿಗೆ ಬೇರೆ ಬೇರೆ ಇಬ್ಬರು.

“ನಿನ್ನ ಅಮ್ಮ ಎಲ್ಲಿದ್ದಾರೆ?” ಅಂತ ಕೇಳಿದಳು ಅಕ್ಕ.

“ಊರಲ್ಲಿ. ಚೆನ್ನಾಗಿದ್ದಾಳೆ. ಬೆಳಗ್ಗೆ ಫೋನ್ ಮಾಡಿದ್ದೆ.” ಜೇಬಿನ ಫೋನ್ ಮುಟ್ಟಿಕೊಂಡು ಹೇಳಿದ, “ದಿನಾ ಬೆಳಗ್ಗೆ ಮಾಡ್ತೀನಿ. ಖಾತ್ರಿ ಮಾಡ್ಕೊಳ್ಳೋಕೆ.”

ಆ ರಾತ್ರಿ ಅಕ್ಕ ಕಣ್ಣು ಮುಚ್ಚಲಿಲ್ಲ. ತಲೆಯಲ್ಲಿ ಒಂದೇ ಹುಳ ಕೊರೆಯುತ್ತಿತ್ತು. ಅವನ ಅಮ್ಮ ಇದ್ದಾರೆ, ಸರಿ. ಅಜ್ಜಿ? ಅಜ್ಜಿ ಎಲ್ಲಿಗೂ ಹೋಗಿಲ್ಲವೇನೋ. ಅಲ್ಲೇ... ಆ ಇಟ್ಟಿಗೆ ಚೂರಿನ ಕೆಳಗೆ...

ಬೆಳಗ್ಗೆಯೇ ವಠಾರದ ಹಳಬರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿದಳು. ಕೆಲವರ ನಂಬರು ಬದಲಾಗಿತ್ತು. ಕೊನೆಗೆ ದರ್ಜಿಮನೆಯಾಕೆ ಸಿಕ್ಕಿ, ಅಜ್ಜಿಯ ತಂಗಿ ಮಗಳ ವಿಳಾಸ ಹೇಳಿದಳು. ಊರಿನ ಆ ತುದಿ. ಬೆಂಕಿಪೊಟ್ಟಣ ಒಂದರ ಮೇಲೊಂದು ಇಟ್ಟ ಹಾಗೆ ಎತ್ತರದ ಕಟ್ಟಡ. ಲಿಫ್ಟು ಕೆಟ್ಟಿತ್ತು. ಹತ್ತಿ ಹತ್ತಿ ಏದುಸಿರು ಬಿಡುತ್ತಾ ಬಾಗಿಲು ತಟ್ಟಿದಳು.

ಬಾಗಿಲು ತೆರೆದವಳು ಸರದಿ ಅಜ್ಜಿ.

“ಮೂಲೆಮನೆ” ಅಂದಳು ಅಜ್ಜಿ. “ಬಾ ಒಳಗೆ. ಒಣಗಿ ಕಡ್ಡಿಯಾಗಿದೀಯಲ್ಲೇ.”

ಅಕ್ಕ ಅವಳ ತೋಳು ಹಿಡಿದಳು. ಬಿಸಿ ಇತ್ತು. ಬಿಡದೆ ಒತ್ತಿ ಒತ್ತಿ ನೋಡಿದಳು.

“ಏನೇ ಇದು, ಬದನೆಕಾಯಿ ಆರಿಸೋ ಹಾಗೆ ಹಿಚುಕ್ತಿದೀಯ?”

ಅಕ್ಕ ನಕ್ಕಳು, ನಗುತ್ತಾ ನಗುತ್ತಾ ಅತ್ತಳು. ಕೂತು ಎಲ್ಲ ಹೇಳಿದಳು. ಮಬ್ಬು, ಟಿಕ್ ಸದ್ದು, ಕರೆದ ದನಿ. ಅಜ್ಜಿಯ ಕೈಯಲ್ಲಿ ಚಹಾ ಲೋಟ ಇತ್ತು. ಕುಡಿಯದೆ ಕೆಳಗಿಟ್ಟಳು. ಎದ್ದು ಹೋಗಿ ಕಿಟಕಿ ಹಾಕಿದಳು. ನಡುಮಧ್ಯಾಹ್ನ, ಹೊರಗೆ ಸುಡುಬಿಸಿಲು.

“ನಿನ್ನನ್ನೂ ಕರೀತಾ?” ಅಂದಳು.

“ನಿಮ್ಮ ದನಿಯಲ್ಲಿ ಅಜ್ಜಿ.”

“ನನ್ನನ್ನ ನಿನ್ನ ದನಿಯಲ್ಲಿ ಕರೀತಿತ್ತು ಕಣೇ.”

ಅಕ್ಕ ಅಜ್ಜಿಯ ಹತ್ತಿರಕ್ಕೆ ಸರಿದು ಕೂತಳು.

“ನಾನು ಯಾಕೆ ಬಿಟ್ಟು ಬಂದೆ ಅಂದ್ಕೊಂಡಿದ್ದೀಯ?” ಅಜ್ಜಿ ದನಿ ತಗ್ಗಿಸಿದಳು. “ಸತ್ತರೂ ಇಲ್ಲೇ ಅಂತ ಕಂಬದ ಹಾಗೆ ಕೂತಿದ್ದವಳು ನಾನು. ಮಹಡಿಮನೆಯವರು ಹೋದ ರಾತ್ರಿ, ಬಾವಿಯೊಳಗೆ ಅವರ ಮಗು ಅತ್ತಿತು. ಕನಸು ಅಂದ್ಕೊಂಡೆ. ದರ್ಜಿಮನೆಯವರು ಹೋದರು. ಒಳಗೆ ಹೊಲಿಗೆ ಮಿಷನ್ನು... ಕಟಕಟಕಟಕಟ... ಬೆಳಗಿನ ತನಕ. ಮೇಲೆ ಒಂದೊಂದು ಮನೆ ಖಾಲಿಯಾದ ಹಾಗೆ, ಒಳಗೆ ಒಂದೊಂದು ಮನೆ ತುಂಬ್ತಾ ಬಂತು. ನೀವು ಹೋದ ರಾತ್ರಿ ನೀನು ಕರೆದೆ. ಅಜ್ಜಿ, ನನ್ನ ಸರದಿ ಯಾವಾಗ, ಅಂತ. ಬಗ್ಗಿ ನೋಡೋಕೆ ಹೋಗಿ ಹೊಸ್ತಿಲಲ್ಲೇ ಕೂತೆ.”

“ನಾನು ಬದುಕಿದೀನಲ್ಲ ಅಜ್ಜಿ.”

“ಎಲ್ಲರೂ ಬದುಕಿದೀರಿ. ಅದಕ್ಕೇ ನನಗೆ ತಲೆಬುಡ ತಿಳೀಲಿಲ್ಲ. ಸತ್ತವರಾಗಿದ್ರೆ ದೆವ್ವ ಅಂತನಾದ್ರೂ ಅನ್ನಬಹುದಿತ್ತು.”

ಪಕ್ಕದ ಮನೆಯಲ್ಲಿ ಯಾರದೋ ಕುಕ್ಕರ್ ಕೂಗಿತು, ಇಬ್ಬರೂ ಬೆಚ್ಚಿದರು.

“ಜನ ಇರೋ ತನಕ ಅದು ಸುಮ್ಮನಿತ್ತು” ಅಂದಳು ಅಜ್ಜಿ. “ಅದು ಏನು, ಎತ್ತ, ನನಗೆ ಗೊತ್ತಿಲ್ಲ. ಕೇಳಿಸಿಕೋ. ಉತ್ತರ ಕೊಡಬೇಡ. ಹಗ್ಗ ಕೆಳಗೆ ಬಿಡಬೇಡ. ಅಲ್ಲಿ ಕೆಲಸವೇ ಬೇಡ.” ಆಮೇಲೆ ಕೇಳಿದಳು, “ರಾತ್ರಿ ಅಲ್ಲಿ ಯಾರಿರ್ತಾರೆ?”

“ಕಾವಲಿನವನು ಒಬ್ಬ.”

“ಒಬ್ಬನೇನಾ?”

“ಒಬ್ಬನೇ.”

ಅಜ್ಜಿ ಎದ್ದು, ಹಾಕಿದ್ದ ಕಿಟಕಿಯ ಚಿಲಕ ಮತ್ತೆ ಎಳೆದು ನೋಡಿದಳು.

ವಾಪಸು ಬರೋ ದಾರಿಯುದ್ದಕ್ಕೂ ಅಕ್ಕ ಕಾವಲುಗಾರನಿಗೆ ಫೋನ್ ಮಾಡಿದಳು. ಹಗಲೆಲ್ಲ ಮಲಗೋನು, ಎತ್ತಲಿಲ್ಲ. ಕೆಲಸ ಬಿಡೋದು ಅಂತ ತೀರ್ಮಾನ ಆಗಿತ್ತು. ಆದರೆ ಅವನಿಗೆ ಒಂದು ಮಾತು ಹೇಳದೆ ಬಿಟ್ಟರೆ ಉಂಡ ಅನ್ನ ಮೈಗೆ ಹತ್ತುತ್ತಾ? ಇದೊಂದು ರಾತ್ರಿ ಹೋಗಿ ಬರ್ತೀನಿ ಅಂತ ಹೋದಳು.

ಆವತ್ತು ಹೋಟೆಲಿನಲ್ಲಿ ಯಾರದೋ ಪಾರ್ಟಿ. ಗಾಜಿನ ಮೇಲೆ ಹೆಂಗಸರು ಗಂಡಸರು ಕುಣಿದರು. ಟಕಟಕ ಟಕಟಕ ಹೀಲಿನ ಸದ್ದು. ಅಕ್ಕ ತಟ್ಟೆ ಎತ್ತುತ್ತಾ ಅವರ ಕಾಲ ಕೆಳಗೇ ನೋಡುತ್ತಿದ್ದಳು. ಮಬ್ಬು ಇರಲಿಲ್ಲ. ಅಷ್ಟು ಜನ ಇದ್ದಾಗ ಅದು ಸುಮ್ಮನಿರುತ್ತೆ.

ಎಲ್ಲ ಮುಗಿದು, ಮ್ಯಾನೇಜರ್ ಹುಡುಗಿಯೂ ಥ್ಯಾಂಕ್ಸ್ ಹೇಳಿ ಹೊರಟಳು. ಕಾವಲುಗಾರ ಒಳಗೆ ಬಂದ. ಗಡ್ಡ ತೆಗೆದಿದ್ದ. ಒಗೆದ ಅಂಗಿ ಹಾಕಿದ್ದ. ತಲೆಗೆ ನೀರು ಹಚ್ಚಿ ಬಾಚಿದ್ದ.

“ಎಲ್ಲಿಗೆ ಹೊರಟೆ?” ಅಂದಳು ಅಕ್ಕ.

“ಎಲ್ಲಿಗೂ ಇಲ್ಲ. ಅಮ್ಮ ಬರ್ತಾಳೆ.”

“ಬೆಳಗ್ಗೆ ಫೋನ್ ಮಾಡಿದ್ಯಾ?”

“ಇಲ್ಲ” ಅಂದ, ಸಣ್ಣಗೆ ನಕ್ಕು. “ಯಾಕೆ ಮಾಡಲಿ? ಇಲ್ಲೇ ಇದಾಳಲ್ಲ.”

ಇವನನ್ನ ಬಿಟ್ಟು ಹೋಗಬಾರದು, ಎಳಕೊಂಡೇ ಹೋಗಬೇಕು ಅಂತ ಅಕ್ಕ ಚೀಲ ತರೋಕೆ ಒಳಗೆ ಓಡಿದಳು. ಏಪ್ರನ್ನಿನ ಗಂಟು ಬಿಚ್ಚಿಕೊಳ್ಳಲಿಲ್ಲ. ಎಳೆದು ಹರಿದಳು. ಅಷ್ಟರಲ್ಲಿ ಕೇಳಿಸಿತು.

ಕಿರ್ರ್... ಕಿರ್ರ್...

ರಾಟೆ. ಹೋಟೆಲಿನ ರಾಟೆ ಹೊಸದು, ಎಣ್ಣೆ ಹಚ್ಚಿದ್ದು, ಅಂದಕ್ಕೆ ಇಟ್ಟದ್ದು. ಅದು ತಿರುಗಿದ್ದನ್ನೇ ಅವಳು ನೋಡಿರಲಿಲ್ಲ. ಇದು ಹಳೇ ರಾಟೆಯ ಸದ್ದು. ದಿನಾ ಬೆಳಗ್ಗೆ ಕೇಳಿ ಎದ್ದ ಸದ್ದು.

ಕಿರ್ರ್... ಕಿರ್ರ್...

ಅಂಗಳಕ್ಕೆ ಬಂದಳು. ದೀಪದ ರಿಪೇರಿಗೆ ಅಂತ ಗಾಜಿನ ಒಂದು ಹಲಗೆಯನ್ನ ಎತ್ತೋ ಹಾಗೆ ಮಾಡಿ ಬೀಗ ಹಾಕಿದ್ದರು, ಅದರ ಕೀಲಿ ಕಾವಲುಗಾರನ ಹತ್ತಿರ. ಆ ಹಲಗೆ ತೆರೆದು ಪಕ್ಕಕ್ಕೆ ಒರಗಿಸಿತ್ತು. ನೀಲಿ ದೀಪ ಆರಿತ್ತು. ಅವನು ಕಂಬಕ್ಕೆ ಕಾಲು ಕೊಟ್ಟು ನಿಂತು ಹಗ್ಗ ಎಳೆಯುತ್ತಿದ್ದ. ಒಂದು ಕೈ, ಇನ್ನೊಂದು ಕೈ. ಅವನ ಪಕ್ಕ ಹಗ್ಗ ಸುರುಳಿ ಸುರುಳಿಯಾಗಿ ಬಿದ್ದಿತ್ತು. ಮೊಣಕಾಲೆತ್ತರ. ನೀರು ತೊಟ್ಟಿಕ್ಕುತ್ತಿತ್ತು. ಹೋಟೆಲಿನವರು ಕಟ್ಟಿದ್ದ ಹಗ್ಗ ಅಷ್ಟುದ್ದ ಇರಲೇ ಇಲ್ಲ. ಆ ಬಾವಿಯಲ್ಲಿ ನೀರೂ ಇರಲಿಲ್ಲ.

“ಸ್ವಲ್ಪ ಹಿಡ್ಕೊಳ್ಳಿ, ಶ್ರೀಮತಿ ಅಕ್ಕ” ಅಂದ, ತಿರುಗಿ ನೋಡದೆ. “ಭಾರ.”

ಕೈ ತಾನಾಗಿ ಹೋಯಿತಂತೆ. ವರ್ಷಗಟ್ಟಲೆ ಅದೇ ಜಾಗದಲ್ಲಿ ನಿಂತು ಸೇದಿದ ಕೈ, ಹಗ್ಗ ಕಂಡರೆ ಸುಮ್ಮನಿರುತ್ತಾ? ಹಿಡಿದಳು. ಹಿಡಿದ ಕೂಡಲೇ ಗೊತ್ತಾಯಿತು. ಕೊಡದ ಭಾರ ನೇರ ಇರುತ್ತೆ, ಜೀವ ಇಲ್ಲದ ಭಾರ. ಇದು ಅಲ್ಲಾಡುತ್ತಿತ್ತು. ಜಗ್ಗುತ್ತಿತ್ತು, ಒಂದು ಕ್ಷಣ ಹಗುರಾಗುತ್ತಿತ್ತು, ಮತ್ತೆ ಜಗ್ಗುತ್ತಿತ್ತು. ಕೆಳಗೆ ಯಾರೋ ಕೈ ಬದಲಾಯಿಸಿ ಬದಲಾಯಿಸಿ ಹಗ್ಗ ಹಿಡಿದು ಹತ್ತುತ್ತಿದ್ದರು.

“ಎಳಿಯೇ ಮೂಲೆಮನೆ” ಅಂತು ಕತ್ತಲು. ಅಜ್ಜಿಯ ದನಿ, ಏದುಸಿರು. “ಎಳಿ. ಕೈ ಸೋಲ್ತಿದೆ.”

ಅಜ್ಜಿ ಮನೆಯಲ್ಲಿದ್ದಾಳೆ. ಮಧ್ಯಾಹ್ನ ಮುಟ್ಟಿ ಬಂದಿದ್ದೇನೆ. ಅಜ್ಜಿ ಮನೆಯಲ್ಲಿದ್ದಾಳೆ... ಮನಸ್ಸಿನಲ್ಲೇ ಜಪ ಮಾಡಿದ ಹಾಗೆ ಹೇಳಿಕೊಂಡಳು. ಆದರೂ ಕೈ ಬಿಡಲಿಲ್ಲ. ಅಜ್ಜಿ ದನಿಯಲ್ಲಿ ನೋವಿತ್ತು. ನಿಜವಾದ ನೋವು.

ಆಗ ಅವಳ ಕಿವಿಗೆ ಬಿತ್ತು, ಅಜ್ಜಿಯ ಕೆಳಗೆ ಇನ್ನೂ ಯಾರೋ ಇದ್ದಾರೆ. ಇಬ್ಬರು ಮೂವರಲ್ಲ. ಬೆಳಗಿನ ಹೊತ್ತು ಬಾವಿಕಟ್ಟೆ ಸುತ್ತ ಎದ್ದೇಳುತ್ತಿತ್ತಲ್ಲ, ಆ ಗುಜುಗುಜು. ಕೊಡಕ್ಕೆ ಕೊಡ ತಾಗೋ ಸದ್ದು. ಮಗುವಿನ ಅಳು. ಯಾರೋ ಕೆಮ್ಮಿದರು, ಯಾರೋ ಯಾರಿಗೋ “ಸರಿದು ನಿಲ್ಲು” ಅಂದರು. ಸಾಲು. ತಳದ ತನಕ ಸಾಲು ನಿಂತಿತ್ತು. ಅದರ ಮಧ್ಯದಿಂದ ಒಬ್ಬಳು ತಾಳ್ಮೆಗೆಟ್ಟ ಹಾಗೆ ಕೇಳಿದಳು:

“ಅಜ್ಜಿ, ನನ್ನ ಸರದಿ ಯಾವಾಗ?”

ಅಕ್ಕನದೇ ದನಿ.

ಅಕ್ಕ ಹಗ್ಗ ಬಿಟ್ಟಳು. ಬಿಟ್ಟು, ಕಾವಲುಗಾರನ ಸೊಂಟದ ಬೆಲ್ಟನ್ನ ಹಿಂದಿನಿಂದ ಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದಳು. ಅವನು ಬಿಡಲಿಲ್ಲ. ಅವನ ಮಣಿಕಟ್ಟು ಕಚ್ಚಿದಳು. ಬಾಯಲ್ಲಿ ರಕ್ತದ ರುಚಿ ಬಂತು ಅಂತ ನನ್ನ ಹತ್ತಿರ ಹೇಳಿದಾಗ ತಲೆ ತಗ್ಗಿಸಿದ್ದಳು. ಆಗ ಬಿಟ್ಟ. ಇಬ್ಬರೂ ಅಂಗಾತ ಬಿದ್ದರು.

ಸರ್ರ್ರ್ರ್ರ್...

ಹಗ್ಗ ಓಡಿತು. ಸುರುಳಿ ಬಿಚ್ಚಿಕೊಂಡು, ನೆಲಕ್ಕೆ ಉಜ್ಜಿಕೊಂಡು, ರಾಟೆಯ ಮೇಲೆ ಹೊಗೆ ಬರೋ ಹಾಗೆ ಓಡಿತು. ಎಷ್ಟು ಓಡಿದರೂ ಮುಗಿಯಲಿಲ್ಲ. ಆಮೇಲೆ ತುದಿ ಬಂತು, ರಾಟೆ ದಾಟಿ ಚಾವಟಿ ಹಾಗೆ ಟಪ್ ಅಂತ ಬಾರಿಸಿ ಒಳಗೆ ಹೋಯಿತು.

ಇಬ್ಬರೂ ಕಿವಿಗೊಟ್ಟು ಕಾದರು. ಕೆಳಗೆ ಬಿದ್ದ ಸದ್ದು ಬರಬೇಕಲ್ಲ... ಬರಲಿಲ್ಲ.

ರಾಟೆ ಖಾಲಿ ತಿರುಗಿ ತಿರುಗಿ ನಿಂತಿತು.

ಅಕ್ಕ ಅವನನ್ನ ಬೀದಿಗೆ ಎಳಕೊಂಡು ಬಂದಳು. ದೀಪದ ಕಂಬದ ಕೆಳಗೆ ಕೂರಿಸಿ, ಅವನ ಜೇಬಿನಿಂದ ಫೋನ್ ತೆಗೆದು ಕೈಗೆ ಕೊಟ್ಟಳು. “ಮಾಡು” ಅಂದಳು. ಅವನು ಮಗುವಿನ ಥರ ಹೇಳಿದ್ದು ಕೇಳಿದ. ರಿಂಗಾಯಿತು... ರಿಂಗಾಯಿತು... ಆ ಕಡೆ ಯಾರೋ ಮುದುಕಿ, ನಿದ್ದೆಗಣ್ಣಿನ ದನಿ. ಏನಂದಳೋ ಅಕ್ಕನಿಗೆ ಅರ್ಥವಾಗಲಿಲ್ಲ. ಅವನು ಫೋನ್ ಕಿವಿಗೆ ಒತ್ತಿಕೊಂಡು ಅತ್ತ. ಬೆಳಕು ಹರಿಯೋ ತನಕ ಇಬ್ಬರೂ ಅಲ್ಲೇ ಕೂತಿದ್ದರು.

ಬೆಳಗ್ಗೆ ಬಂದವರು ನೋಡಿದರೆ ಬಾವಿಯಲ್ಲಿ ಬಿಳಿ ಕಲ್ಲು, ನೀಲಿ ದೀಪ, ಒಂದಾಳು ಆಳ. ಒಂದು ಹನಿ ನೀರಿನ ಗುರುತಿಲ್ಲ. ಹಗ್ಗ ಇಲ್ಲ, ಕೊಡ ಇಲ್ಲ. ಕಾವಲುಗಾರನೇ ಕದ್ದ ಅಂತ ಕೆಲಸದಿಂದ ತೆಗೆದರು. ಅವನು ಇಲ್ಲ ಅನ್ನಲಿಲ್ಲ. ಈಗ ಹಗಲು ಪಾಳಿಯ ಕೆಲಸ ಹಿಡಿದಿದ್ದಾನೆ, ಗದ್ದಲದ ಜಾಗದಲ್ಲಿ. ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು ಇದೆ, ಕೇಳಿದವರಿಗೆ ನಾಯಿ ಅಂತಾನೆ. ಅಕ್ಕ ಆ ಬೀದಿಯ ಕಡೆ ತಲೆ ಹಾಕಿಲ್ಲ. ಹೋಟೆಲ್ ನಡೆಯುತ್ತಿದೆ. ಹೊಸ ಹಗ್ಗ ಕಟ್ಟಿದ್ದಾರಂತೆ.

ಇಲ್ಲಿಗೆ ಮುಗಿದಿದ್ದರೆ ನಾನೂ ನಿಮ್ಮ ಹಾಗೆ, ಸುಸ್ತು, ನಿದ್ದೆಗೇಡು, ಒಬ್ಬರ ಭಯ ಇನ್ನೊಬ್ಬರಿಗೆ ಅಂಟಿತು ಅಂತ ಹೇಳಿ ಮಲಗುತ್ತಿದ್ದೆ.

ಆ ವಾರದ ಕೊನೆಯಲ್ಲಿ ಅಕ್ಕ ಅಜ್ಜಿಗೆ ವಿಷಯ ತಿಳಿಸೋಕೆ ಹೊರಟಳು. ಒಬ್ಬಳೇ ಹೋಗೋ ಧೈರ್ಯ ಇರಲಿಲ್ಲ, ನನ್ನನ್ನ ಕರೆದಳು. ನಾನೂ ಹೋದೆ. ಬಾಗಿಲು ತಟ್ಟಿದೆವು. ಒಳಗೆ ಚಿಲಕ ತೆಗೆಯೋಕೆ ತುಂಬ ಹೊತ್ತು ಹಿಡಿಯಿತು. ತೆರೆದಾಗ ನೋಡಿದರೆ ಅಜ್ಜಿ ಮೊಣಕೈಯಿಂದ ಬಾಗಿಲು ತಳ್ಳುತ್ತಿದ್ದಳು. ಎರಡೂ ಅಂಗೈಗೆ ಹಳೇ ಸೀರೆ ಹರಿದು ಸುತ್ತಿತ್ತು.

“ಏನಾಯ್ತು ಅಜ್ಜಿ?” ಅಂದೆ ನಾನು.

“ನನಗೇ ಗೊತ್ತಿಲ್ಲ ಕಣಮ್ಮ” ಅಂದಳು ಅಜ್ಜಿ. “ಮೂಲೆಮನೆ ಬಂದುಹೋದ ದಿನ ರಾತ್ರಿ ಚೆನ್ನಾಗೇ ಮಲಗಿದ್ದೆ. ಬೆಳಗ್ಗೆ ಏಳೋಷ್ಟರಲ್ಲಿ ಹೀಗಿತ್ತು. ಸ್ವಲ್ಪ ಮುಲಾಮು ಹಚ್ಚಿಕೊಡ್ತೀಯಾ? ತಂಗಿ ಮಗಳು ಕೆಲಸಕ್ಕೆ ಹೋದರೆ ಮನೇಲಿ ಯಾರೂ ಇರಲ್ಲ.”

ಬಟ್ಟೆ ಬಿಚ್ಚಿದ್ದು ನಾನೇ. ಎರಡೂ ಅಂಗೈಯ ಚರ್ಮ ಅಡ್ಡಡ್ಡ ಸುಲಿದು ಹೋಗಿತ್ತು. ಗಾಯದೊಳಗೆ ಸಿಕ್ಕಿಕೊಂಡಿದ್ದ ನಾರು, ಹೊಸ ಹಗ್ಗದ ನಾರು, ಕಿಟಕಿ ಬೆಳಕಿಗೆ ಹಿಡಿದು ಒಂದೊಂದೇ ಎಳೆ ಹೆಕ್ಕಿ ತೆಗೆದೆ. ತೇವ ಇತ್ತು. ಈ ಕೈಯಾರೆ ತೆಗೆದದ್ದು. ನಂಬೋದು ಬಿಡೋದು ನಿಮಗೆ ಬಿಟ್ಟದ್ದು.